ಗಾಳಿ ಸೋಕಿದರೆ ಸಿಡಿಯುವ ನೋವು: ಅಪ್ಪ ಅಮ್ಮನಿಗೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಬಂದಾಗ

ಕೆನ್ನೆಯನ್ನು ಅಂಗೈಯಿಂದ ಬಲವಾಗಿ ಒತ್ತಿ ಹಿಡಿದರೆ ಏನೂ ಆಗದೇ ಇರಬಹುದು. ಅದೇ ಕೆನ್ನೆಗೆ ಸೆರಗಿನ ತುದಿ ಸೋಕಿದರೆ, ಬಸ್ಸಿನ ಕಿಟಕಿಯ ಗಾಳಿ ಬಡಿದರೆ, ಒಂದು ತುತ್ತು ಅಗಿದರೆ, ಮುಖದ ಒಂದು ಬದಿಯಲ್ಲಿ ಕರೆಂಟ್ ಹೊಡೆದ ಹಾಗೆ ಚಳುಕು ಏಳುತ್ತದೆ. ಕೆಲವೇ ಸೆಕೆಂಡು, ಹೆಚ್ಚೆಂದರೆ ಎರಡು ನಿಮಿಷ. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ನೋವು ಮಾಯ. ಸ್ವಲ್ಪ ಹೊತ್ತಿಗೆ ಮತ್ತೊಂದು. ಕಾಯಿಲೆ ಜೋರಾಗಿರುವ ಕಾಲದಲ್ಲಿ ದಿನಕ್ಕೆ ಹತ್ತಾರು, ಕೆಲವರಿಗೆ ನೂರಾರು ಸಲ ಹೀಗಾಗುತ್ತದೆ. ಇದರ ಹೆಸರು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಮನುಷ್ಯರು ಅನುಭವಿಸುವ ಅತಿ ತೀವ್ರ ನೋವುಗಳ ಸಾಲಿನಲ್ಲಿ ವೈದ್ಯರು ಇದನ್ನು ಇಡುತ್ತಾರೆ.

ಕಾಯಿಲೆ ಅಪರೂಪದ್ದು. ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಹೊಸದಾಗಿ 4ರಿಂದ 13 ಮಂದಿಗೆ ಬರುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಹೆಚ್ಚಿನವರಿಗೆ ಐವತ್ತು ದಾಟಿದ ಮೇಲೆ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹಾಗಾಗಿ ಆಸ್ಪತ್ರೆಗೆ ಕರೆದೊಯ್ಯುವುದು, ಮಾತ್ರೆ ತರುವುದು, ವೈದ್ಯರ ಮಾತನ್ನು ಬಿಡಿಸಿ ಹೇಳುವುದು ಬಹುತೇಕ ಬೆಳೆದ ಮಕ್ಕಳ ಪಾಲಿಗೆ ಬರುತ್ತದೆ. ನನ್ನ ಅಮ್ಮನಿಗೆ ಈ ನೋವಿದೆ. ಈ ಕಾಯಿಲೆ ಹೇಗೆ ನಡೆಯುತ್ತದೆ ಎಂದು ಸರಿಯಾಗಿ ತಿಳಿದವರು ಮನೆಯಲ್ಲಿ ಒಬ್ಬರಾದರೂ ಇದ್ದರೆ ರೋಗಿಯ ಸಂಕಟದಲ್ಲಿ ದೊಡ್ಡ ಪಾಲು ತಪ್ಪುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಈ ಬರಹ ಅದಕ್ಕಾಗಿ.

ಮೊದಲು ಹಲ್ಲಿನ ಮೇಲೆ ಅನುಮಾನ

ಮುಖದ ಸ್ಪರ್ಶ, ಬಿಸಿ, ತಂಪು, ನೋವು ಎಲ್ಲವನ್ನೂ ಮಿದುಳಿಗೆ ತಲುಪಿಸುವುದು ಟ್ರೈಜೆಮಿನಲ್ ನರ. ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಇದು ಐದನೆಯದು. ಬಲಕ್ಕೊಂದು, ಎಡಕ್ಕೊಂದು. ತಲೆಬುರುಡೆಯೊಳಗೇ ಅದು ಮೂರು ಕವಲಾಗುತ್ತದೆ: ಹಣೆ ಮತ್ತು ಕಣ್ಣಿಗೆ ಒಂದು, ಕೆನ್ನೆ, ಮೂಗಿನ ಬದಿ ಮತ್ತು ಮೇಲ್ದವಡೆಗೆ ಒಂದು, ಕೆಳದವಡೆಗೆ ಇನ್ನೊಂದು. ಕಾಯಿಲೆ ಹೆಚ್ಚಾಗಿ ಕಾಡುವುದು ಕೆಳಗಿನ ಎರಡು ಕವಲುಗಳನ್ನು. ಹಲ್ಲು, ಒಸಡುಗಳ ನೋವು ಮಿದುಳಿಗೆ ಹೋಗುವುದೂ ಇದೇ ಎರಡು ಕವಲುಗಳಲ್ಲಿ. ಆದ್ದರಿಂದಲೇ ರೋಗಿ "ಈ ಹಲ್ಲಿನಿಂದಲೇ ಏಳ್ತಿದೆ" ಎಂದು ಬೆರಳಿಟ್ಟು ತೋರಿಸುತ್ತಾರೆ. ಹಲ್ಲಿನ ವೈದ್ಯರ ಬಳಿ ಹೋಗುತ್ತಾರೆ. ರೂಟ್ ಕೆನಾಲ್ ಆಗುತ್ತದೆ, ನೋವು ಹೋಗುವುದಿಲ್ಲ. ಹಲ್ಲು ಕೀಳಿಸುತ್ತಾರೆ, ಆಗಲೂ ಹೋಗುವುದಿಲ್ಲ. ಪಕ್ಕದ ಹಲ್ಲಿನ ಸರದಿ ಬರುತ್ತದೆ. ಗಟ್ಟಿಮುಟ್ಟಾದ ಹಲ್ಲುಗಳನ್ನು ಕಳೆದುಕೊಂಡ ಮೇಲೆ ನರರೋಗ ತಜ್ಞರ ಬಾಗಿಲಿಗೆ ಬಂದವರು ಪ್ರಪಂಚದ ಎಲ್ಲ ಕಡೆ ಇದ್ದಾರೆ.

ಹುಳುಕು ಹಲ್ಲಿನ ನೋವು ಮಿಡಿಯುತ್ತದೆ, ಗಂಟೆಗಟ್ಟಲೆ ಇರುತ್ತದೆ, ರಾತ್ರಿ ನಿದ್ದೆ ಕೆಡಿಸುತ್ತದೆ. ಈ ನರದ ನೋವು ಸಿಡಿಲಿನಂತೆ ಬಂದು ಹೋಗುತ್ತದೆ, ನಿದ್ದೆಯಲ್ಲಿ ಸಾಮಾನ್ಯವಾಗಿ ಸುಮ್ಮನಿರುತ್ತದೆ, ಮುಖ ತೊಳೆಯುವುದು, ಮಾತಾಡುವುದು, ಹಲ್ಲುಜ್ಜುವುದು, ಗಡ್ಡ ಹೆರೆಯುವುದು ಇಂಥ ಹಗುರ ಸ್ಪರ್ಶಕ್ಕೆ ಏಳುತ್ತದೆ. ಕ್ರೋಸಿನ್, ಬ್ರೂಫಿನ್‌ನಂಥ ಮಾತ್ರೆಗಳಿಗೆ ಜಗ್ಗುವುದಿಲ್ಲ. ಈ ನಾಲ್ಕೂ ಹೊಂದಿದರೆ ಇನ್ನೊಂದು ಹಲ್ಲು ಕೀಳಿಸುವ ಮೊದಲು ನರರೋಗ ತಜ್ಞರನ್ನು ಕಾಣಿ. ವೈದ್ಯರು ಇದನ್ನು ಪತ್ತೆ ಮಾಡುವುದು ಮುಖ್ಯವಾಗಿ ರೋಗಿಯ ಮಾತಿನಿಂದ. ಅಮ್ಮ "ಮುಖ ನೋಯ್ತದೆ ಡಾಕ್ಟ್ರೇ" ಎಂದಷ್ಟೇ ಹೇಳಿ ಸುಮ್ಮನಾದರೆ, ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದರೆ ಏಳುತ್ತದೆ, ಎಲ್ಲಿಂದ ಎಲ್ಲಿಗೆ ಓಡುತ್ತದೆ ಎಂಬುದನ್ನು ಪಕ್ಕದಲ್ಲಿರುವ ನೀವು ಹೇಳಬೇಕಾಗುತ್ತದೆ. ನೋವು ಬಂದಾಗಿನ ವಿವರಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲೇ ಗುರುತು ಹಾಕಿಟ್ಟರೂ ಸಾಕು.

ಒಳಗೆ ಏನಾಗಿರುತ್ತದೆ

ಬಹುಪಾಲು ರೋಗಿಗಳಲ್ಲಿ ತೊಂದರೆ ಇರುವುದು ಮುಖದಲ್ಲಲ್ಲ, ಕಿವಿಯ ಹಿಂದೆ ಬುರುಡೆಯೊಳಗೆ, ನರ ಮಿದುಳಿನ ಕಾಂಡವನ್ನು ಸೇರುವ ಜಾಗದಲ್ಲಿ. ವಯಸ್ಸಾದಂತೆ ರಕ್ತನಾಳಗಳು ಉದ್ದವಾಗಿ ಡೊಂಕಾಗುತ್ತವೆ. ಹಾಗೆ ಬಳಸಿ ಬಂದ ಒಂದು ನಾಳ ನರದ ಬುಡಕ್ಕೆ ತಾಗಿ, ಪ್ರತಿ ಮಿಡಿತಕ್ಕೂ ಅದನ್ನು ತಳ್ಳುತ್ತಾ ಇರುತ್ತದೆ. ವರ್ಷಾನುಗಟ್ಟಲೆ ಹೀಗೆ ಉಜ್ಜಿದಾಗ ನರದ ಎಳೆಗಳ ಮೇಲಿನ ಮೈಲಿನ್ ಎಂಬ ಹೊದಿಕೆ ಸವೆಯುತ್ತದೆ. ಪ್ಲಾಸ್ಟಿಕ್ ಸುಲಿದುಹೋದ ಎರಡು ಕರೆಂಟ್ ವೈರುಗಳು ತಾಗಿದಾಗ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಸ್ಪರ್ಶದ ಸುದ್ದಿ ಒಯ್ಯುತ್ತಿದ್ದ ಎಳೆಯಿಂದ ಸಂಕೇತ ಪಕ್ಕದ ನೋವಿನ ಎಳೆಗೆ ಹಾರುತ್ತದೆ. ಗಾಳಿ ಸೋಕಿದ್ದು ಮಿದುಳಿಗೆ ಭೀಕರ ನೋವಾಗಿ ಕೇಳಿಸುತ್ತದೆ.

ಇದು ಅರ್ಥವಾದರೆ ಮನೆಯವರ ಹಲವು ಗೊಂದಲಗಳು ತಾವಾಗಿಯೇ ಬಗೆಹರಿಯುತ್ತವೆ. ಮುಖ ಊದಿಲ್ಲ, ಕೆಂಪಾಗಿಲ್ಲ, ಬಾಯಿ ವಾರೆಯಾಗಿಲ್ಲ, ಆದರೂ ನೋವು ನಿಜ. ಕೆನ್ನೆಗೆ ಎಣ್ಣೆ ಹಚ್ಚಿ ತಿಕ್ಕುವುದರಿಂದ ಉಪಯೋಗವಿಲ್ಲ, ತಿಕ್ಕುವುದೇ ಚಳುಕನ್ನು ಎಬ್ಬಿಸಬಹುದು. ನೋವಿನ ಮಾತ್ರೆ ಏಕೆ ಕೇಳುವುದಿಲ್ಲ, ಫಿಟ್ಸ್‌ಗೆ ಕೊಡುವ ಮಾತ್ರೆ ಏಕೆ ಕೇಳುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ: ಹದ ತಪ್ಪಿ ಸಿಡಿಯುವ ನರವನ್ನು ಶಾಂತಗೊಳಿಸುವುದು ಆ ಮಾತ್ರೆಯ ಕೆಲಸ.

ಎಲ್ಲರಿಗೂ ಒಮ್ಮೆ ಎಂಆರ್‌ಐ ಮಾಡಿಸುವುದು ಈಗಿನ ರೂಢಿ. ನೂರರಲ್ಲಿ ಸುಮಾರು 15 ಮಂದಿಗೆ ಗೆಡ್ಡೆ, ಮಲ್ಟಿಪಲ್ ಸ್ಕ್ಲೆರೋಸಿಸ್‌ (ನರಗಳ ಮೈಲಿನ್ ಹೊದಿಕೆಯನ್ನೇ ಕೆಡಿಸುವ ಕಾಯಿಲೆ) ಇಂಥ ಬೇರೆ ಕಾರಣ ಇರುತ್ತದೆ, ಅದನ್ನು ಬಿಟ್ಟುಹೋಗಬಾರದು. ನೋವು ಎರಡೂ ಬದಿಗಿದ್ದರೆ, ಮುಖ ಮರಗಟ್ಟಿದ್ದರೆ, ಆ ಬದಿಯ ಕಿವಿ ಮಂದವಾಗಿದ್ದರೆ, ನಲವತ್ತಕ್ಕೂ ಮೊದಲೇ ಶುರುವಾಗಿದ್ದರೆ ಇನ್ನೂ ಬೇಗ ಮಾಡಿಸಬೇಕು. ರಿಪೋರ್ಟಿನಲ್ಲಿ "ನಾರ್ಮಲ್" ಎಂದು ಬಂದರೆ ನೋವು ಸುಳ್ಳು ಎಂದರ್ಥವಲ್ಲ. ನಾಳ ನರಕ್ಕೆ ತಾಗಿದ್ದೂ ನೋವೇ ಇಲ್ಲದವರೂ ಇದ್ದಾರೆ. ಚಿತ್ರ ರೋಗಿಯ ಮಾತಿಗೆ ಪೂರಕ, ಅಷ್ಟೇ.

ಮನೆಯೊಳಗಿನ ಬದುಕು

ನೋವು ಬರುವುದು ಸೆಕೆಂಡುಗಳ ಕಾಲ, ಅದರ ಹೆದರಿಕೆ ಇರುವುದು ದಿನವಿಡೀ. ಹೊರಗಿನವರಿಗೆ ಕಾಣುವುದು ಈ ಹೆದರಿಕೆಯ ಫಲ ಮಾತ್ರ, ಅದನ್ನು ಅವರು ತಪ್ಪಾಗಿ ಓದುತ್ತಾರೆ. ಮದುವೆಮನೆಯಲ್ಲಿ ಎಲೆ ಮುಂದೆ ಕೂತು ಏನೂ ಮುಟ್ಟದ ಅಜ್ಜಿಗೆ ಬಿಂಕ ಎನ್ನುತ್ತಾರೆ. ಬೆಂಗಳೂರಿನಿಂದಲೋ ನ್ಯೂಜೆರ್ಸಿಯಿಂದಲೋ ಫೋನ್ ಮಾಡಿದ ಮಗನಿಗೆ ಅಮ್ಮ ಬರೀ "ಹೂಂ, ಹೂಂ" ಎಂದರೆ ಮುನಿಸು ಎಂದುಕೊಳ್ಳುತ್ತಾನೆ. ತುಟಿ ಅಲುಗಿಸಿದರೆ ನೋವು ಏಳುತ್ತದೆ ಎಂದು ಆಕೆ ಹೇಳಿರುವುದಿಲ್ಲ, ಹೇಳಬೇಕಾದರೂ ತುಟಿ ಅಲುಗಬೇಕಲ್ಲ. ದೂರದಲ್ಲಿರುವವರು ಇಂಥ ದಿನಗಳಲ್ಲಿ ಮೆಸೇಜ್ ಮಾಡಿ, ಅಥವಾ ನೀವೇ ಮಾತಾಡಿ, ಅವರು ಕೇಳಿಸಿಕೊಳ್ಳಲಿ.

ಪ್ರತಿಯೊಬ್ಬರಿಗೂ ನೋವು ಏಳಿಸುವ ಜಾಗ, ಕೆಲಸ ಬೇರೆ ಬೇರೆ. ನಮ್ಮ ಮನೆಗಳಲ್ಲಿ ಯಾರ ಪಟ್ಟಿಯಲ್ಲೂ ಇರದ ಕೆಲವನ್ನು ಗಮನಿಸಬೇಕು. ಮುತ್ತೈದೆಯರಿಗೆ ಕೆನ್ನೆಗೆ ಅರಿಶಿನ ಹಚ್ಚುವುದು, ಮೂಗುಬೊಟ್ಟು ತಿರುಗಿಸುವುದು, ಎಲೆಅಡಿಕೆ, ಮೊಮ್ಮಕ್ಕಳು ಅಜ್ಜನ ಗಲ್ಲ ಹಿಡಿದು ಮುದ್ದಾಡುವುದು, ಬೆಳಗ್ಗೆ ಮುಖಕ್ಕೆ ತಣ್ಣೀರು ಎರಚಿಕೊಳ್ಳುವುದು, ನೇರ ಮುಖಕ್ಕೆ ಬೀಸುವ ಫ್ಯಾನು. ಇವನ್ನು ಗುರುತಿಸಿ ತಪ್ಪಿಸಿದರೆ ಮಾತ್ರೆಯಷ್ಟು ಅಲ್ಲದಿದ್ದರೂ ಸಾಕಷ್ಟು ನೆಮ್ಮದಿ ಸಿಗುತ್ತದೆ. ಮೊಮ್ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಬಹುದು, ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಬೈಕಿನಲ್ಲಿ, ಬಸ್ಸಿನಲ್ಲಿ ಹೋಗುವಾಗ ಮೃದುವಾದ ಶಾಲು ಬೇಕು. ಕೆಲವರಿಗೆ ಶಾಲು ಸೋಕುವುದೇ ಆಗುವುದಿಲ್ಲ, ಅವರನ್ನು ಗಾಳಿ ಬಾರದ ಬದಿಯಲ್ಲಿ ಕೂರಿಸಬೇಕು.

ಊಟದ ವಿಚಾರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಅಗಿಯಲು ಹೆದರಿ ಊಟ ಬಿಟ್ಟ ಹಿರಿಯರು ಕೆಲವೇ ವಾರಗಳಲ್ಲಿ ಇಳಿದುಹೋಗುತ್ತಾರೆ, ನೀರು ಕುಡಿಯುವುದನ್ನೂ ಕಡಿಮೆ ಮಾಡುತ್ತಾರೆ. ನಮ್ಮ ಅಡುಗೆಮನೆ ಇಲ್ಲಿ ಒದಗಿಬರುತ್ತದೆ. ಮುದ್ದೆಯನ್ನು ನಾವು ಮೊದಲಿಂದಲೂ ಅಗಿಯದೆ ನುಂಗುವವರು. ರಾಗಿ ಅಂಬಲಿ, ತೊವ್ವೆ ಕಲಸಿದ ಮೆತ್ತನೆ ಅನ್ನ, ಗಂಜಿ, ಹೆಸರುಬೇಳೆ ಪಾಯಸ, ಕಿವುಚಿದ ಬಾಳೆಹಣ್ಣು, ಎಲ್ಲವನ್ನೂ ಉಗುರುಬೆಚ್ಚಗೆ ಕೊಡಬೇಕು. ಮಾತ್ರೆಯ ಬಲ ದಿನದ ಯಾವ ಹೊತ್ತಿನಲ್ಲಿ ಚೆನ್ನಾಗಿರುತ್ತದೆ ಎಂದು ಒಂದು ವಾರ ಗಮನಿಸಿ, ಸ್ನಾನ, ಹಲ್ಲುಜ್ಜುವುದು, ದೊಡ್ಡ ಊಟ ಇವನ್ನು ಆ ಹೊತ್ತಿಗೆ ಇಟ್ಟುಕೊಳ್ಳಬಹುದು. ನೋವೆಂದು ಬ್ರಷ್ ಮಾಡುವುದನ್ನೇ ಬಿಟ್ಟರೆ ನಿಜವಾಗಿಯೂ ಹಲ್ಲು ಹುಳುಕಾಗಿ ಎರಡು ನೋವು ಒಂದಾಗುತ್ತವೆ. ಮಕ್ಕಳ ಮೃದು ಬ್ರಷ್, ಬೆಚ್ಚಗಿನ ಉಪ್ಪುನೀರು ಆದಷ್ಟು ಮುಂದುವರಿಯಲಿ.

ಮಾತ್ರೆ, ಮತ್ತು ಅದರ ಕಾವಲು

ಮೊದಲ ಆಯ್ಕೆಯ ಔಷಧ ಕಾರ್ಬಮಾಜೆಪಿನ್. ಸ್ವೀಡನ್ನಿನ ವೈದ್ಯ ಸಿಗ್‌ಫ್ರಿಡ್ ಬ್ಲೂಮ್ ಈ ನೋವಿಗೆ ಅದನ್ನು ಬಳಸಿ 1962ರಲ್ಲಿ ವರದಿ ಮಾಡಿದರು. ಅರವತ್ತು ವರ್ಷ ದಾಟಿದರೂ ಅದರ ಜಾಗ ಕದಲಿಲ್ಲ. ನಮ್ಮಲ್ಲಿ ಟೆಗ್ರೆಟಾಲ್, ಮ್ಯಾಝೆಟಾಲ್, ಝೆಪ್ಟಾಲ್ ಮುಂತಾದ ಹೆಸರಿನಲ್ಲಿ ಸಿಗುತ್ತದೆ, ದುಬಾರಿಯಲ್ಲ. ಬಹಳಷ್ಟು ಜನರಿಗೆ ಮೊದಲ ಕೆಲವು ದಿನಗಳಲ್ಲೇ ಗುಣ ಕಾಣುತ್ತದೆ, ಎಷ್ಟೆಂದರೆ ಅದು ಕೇಳಿತು ಎಂಬುದನ್ನೇ ವೈದ್ಯರು ರೋಗದ ಗುರುತಿಗೆ ಬಲವಾಗಿ ನೋಡುತ್ತಾರೆ. ಇದರ ತಮ್ಮನಂಥದ್ದು ಆಕ್ಸ್‌ಕಾರ್ಬಜೆಪಿನ್. ಇವೆರಡೂ ಆಗದವರಿಗೆ ಲ್ಯಾಮೊಟ್ರಿಜಿನ್, ಬ್ಯಾಕ್ಲೊಫೆನ್, ಗ್ಯಾಬಪೆಂಟಿನ್, ಪ್ರಿಗಬಾಲಿನ್ ಇವೆ.

ಆದರೆ ಇದು ಬರೆಸಿಕೊಂಡು ಬಂದು ಮರೆತುಬಿಡುವ ಮಾತ್ರೆಯಲ್ಲ. ಮಕ್ಕಳ ಕಣ್ಣು ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಇಲ್ಲಿ.

ಶುರುವಿನಲ್ಲಿ, ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ, ತಲೆ ತಿರುಗುತ್ತದೆ, ಮಂಪರು ಬರುತ್ತದೆ, ನಡಿಗೆ ತೂರಾಡುತ್ತದೆ. ವಯಸ್ಸಾದವರು ರಾತ್ರಿ ಬಚ್ಚಲಿಗೆ ಎದ್ದು ಹೋಗಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮೂಲ ಕಾಯಿಲೆಗಿಂತ ದೊಡ್ಡ ಆಪತ್ತು. ಆ ವಾರಗಳಲ್ಲಿ ಬಚ್ಚಲ ನೆಲ ಒಣಗಿರಲಿ, ದೀಪ ಉರಿಯುತ್ತಿರಲಿ, ಹತ್ತಿರ ಯಾರಾದರೂ ಮಲಗಲಿ.

ಇನ್ನೊಂದು, ರಕ್ತದಲ್ಲಿ ಸೋಡಿಯಂ ಇಳಿಯುವುದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಹಿರಿಯರಲ್ಲಿ ಇದು ಸುಲಭವಾಗಿ ಕಣ್ತಪ್ಪುತ್ತದೆ. ಸೋಡಿಯಂ ಸಾಮಾನ್ಯವಾಗಿ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಕಾರ್ಬಮಾಜೆಪಿನ್ ಅದನ್ನು ಇಳಿಸಬಲ್ಲದು, ಆಕ್ಸ್‌ಕಾರ್ಬಜೆಪಿನ್ ಇನ್ನೂ ಹೆಚ್ಚು. ಜತೆಗೆ ಬಿಪಿಗೆ ಮೂತ್ರ ಹೆಚ್ಚಿಸುವ ಥಯಾಜೈಡ್ ಗುಂಪಿನ ಔಷಧ ನಡೆಯುತ್ತಿದ್ದರೆ (ಹಲವು ಬಿಪಿ ಮಾತ್ರೆಗಳ ಹೆಸರಿನ ಕೊನೆಗೆ ಬರುವ 'ಎಚ್' ಅದೇ), ಮೇಲಿಂದ ಬಿಪಿಗೆಂದು ಉಪ್ಪನ್ನೂ ಬಿಡಿಸಿದ್ದರೆ, ಅಪಾಯ ಏರುತ್ತದೆ. ಲಕ್ಷಣಗಳು ವಾಕರಿಕೆ, ತಲೆನೋವು, ಸುಸ್ತು, ಮರೆವು, ಹೊತ್ತಿಲ್ಲದ ಹೊತ್ತಿನಲ್ಲಿ ಏನೇನೋ ಮಾತು. "ಅರವತ್ತಕ್ಕೆ ಅರಳುಮರಳು" ಎಂದು ಮನೆಯವರು ತಳ್ಳಿಹಾಕುವುದು ಇದನ್ನೇ. ತೀರಾ ಇಳಿದರೆ ಫಿಟ್ಸ್ ಬರುತ್ತದೆ, ಪ್ರಜ್ಞೆ ತಪ್ಪುತ್ತದೆ. ಸೋಡಿಯಂ ನೋಡುವ ರಕ್ತಪರೀಕ್ಷೆ ಚಿಕ್ಕ ಊರಿನ ಲ್ಯಾಬಿನಲ್ಲೂ ಆಗುತ್ತದೆ. ಮಾತ್ರೆ ಶುರು ಮಾಡುವ ಮೊದಲು, ಕೆಲವು ವಾರಗಳ ಮೇಲೆ, ಡೋಸ್ ಏರಿಸಿದಾಗ, ನಡವಳಿಕೆ ಬದಲಾದಂತೆ ಕಂಡಾಗ ಮಾಡಿಸಲು ವೈದ್ಯರನ್ನು ಕೇಳಿ. ಇಳಿದಿದ್ದರೆ ನೀವಾಗಿಯೇ ಉಪ್ಪು ಹೆಚ್ಚು ತಿನ್ನಿಸಬೇಡಿ, ಕಾರಣಕ್ಕೆ ತಕ್ಕ ಚಿಕಿತ್ಸೆ ಬೇಕು. ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆಯನ್ನೂ ಇದರ ಜತೆಗೇ ಮಾಡಿಸುತ್ತಾರೆ.

ಮೂರನೆಯದು ಚರ್ಮ. ಅಪರೂಪಕ್ಕೆ ಈ ಔಷಧ ಸ್ಟೀವನ್ಸ್–ಜಾನ್ಸನ್ ಸಿಂಡ್ರೋಮ್ ಎಂಬ ಪ್ರಾಣಾಂತಿಕ ಅಲರ್ಜಿ ತರುತ್ತದೆ. ಎಚ್‌ಎಲ್‌ಎ–ಬಿ 1502 ಎಂಬ ವಂಶವಾಹಿ ಇರುವವರಲ್ಲಿ ಇದರ ಅಪಾಯ ಹೆಚ್ಚು, ಆಗ್ನೇಯ ಏಷ್ಯಾದ ಜನರಲ್ಲಿ ಅದು ಹೆಚ್ಚಾಗಿದ್ದು ಭಾರತೀಯರಲ್ಲೂ ಕೆಲವರಿಗೆ ಇರುತ್ತದೆ. ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಬಹುದು. ಮೊದಲ ಕೆಲವು ತಿಂಗಳು ಮೈಮೇಲೆ ಗಂಧೆ, ಜತೆಗೆ ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪಗಾದರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಇದೊಂದು ಸಂದರ್ಭ ಬಿಟ್ಟರೆ ಮಾತ್ರೆಯನ್ನು ಏಕಾಏಕಿ ನಿಲ್ಲಿಸಬಾರದು. ಏಕಾದಶಿ, ಶ್ರಾವಣ ಸೋಮವಾರ ಎಂದು ಉಪವಾಸ ಮಾಡುವ ಹಿರಿಯರು ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ವಾದ ಮಾಡುವ ಬದಲು, ಹಾಲು ಹಣ್ಣಿನ ಜತೆ ಮಾತ್ರೆ ತೆಗೆದುಕೊಳ್ಳಲು ಒಪ್ಪಿಸುವುದು ಸುಲಭ.

ಮೊದಲು ಚೆನ್ನಾಗಿ ಕೇಳಿದ ಮಾತ್ರೆ ತಿಂಗಳಾದ ಮೇಲೆ ಸಾಲದಾಗಬಹುದು. ಕಾರ್ಬಮಾಜೆಪಿನ್ ತನ್ನನ್ನೇ ಬೇಗ ಕರಗಿಸುವಂತೆ ಯಕೃತ್ತನ್ನು ಚುರುಕುಗೊಳಿಸುತ್ತದೆ, ಡೋಸ್ ಸರಿಪಡಿಸಬೇಕಾಗುತ್ತದೆ. ಇದೇ ಕಾರಣಕ್ಕೆ ವಾರ್ಫರಿನ್, ಅಮ್ಲೊಡಿಪಿನ್‌ನಂಥ ಬೇರೆ ಮಾತ್ರೆಗಳ ಬಲವೂ ತಗ್ಗುತ್ತದೆ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಆ್ಯಂಟಿಬಯೊಟಿಕ್ ಕೊಟ್ಟರೆ ಕಾರ್ಬಮಾಜೆಪಿನ್‌ನ ಅಂಶ ರಕ್ತದಲ್ಲಿ ವಿಪರೀತ ಏರಬಹುದು. ಅಮ್ಮ ತೆಗೆದುಕೊಳ್ಳುವ ಎಲ್ಲ ಔಷಧಗಳ ಪಟ್ಟಿ, ನಾಟಿ ಔಷಧ, ಕಷಾಯ, ಲೇಹ್ಯ ಸೇರಿಸಿ, ಒಂದೇ ಹಾಳೆಯಲ್ಲಿ ಬರೆದು ನೆಗಡಿಗೆ ಹೋದಾಗಲೂ ತೋರಿಸಬೇಕು. ಎಸ್‌ಆರ್, ಸಿಆರ್ ಎಂದು ಬರೆದ, ಅಂದರೆ ಔಷಧವನ್ನು ನಿಧಾನವಾಗಿ ಬಿಡುವ, ಮಾತ್ರೆಯನ್ನು ಪುಡಿ ಮಾಡಿ ಕೊಡಬಾರದು.

ಮನಸ್ಸು

ನೋವು ಜೋರಾದ ದಿನಗಳಲ್ಲಿ "ಇದಕ್ಕಿಂತ ಹೋಗಿಬಿಟ್ಟರೆ ಸಾಕು" ಎಂಬ ಮಾತು ಬರಬಹುದು. ಅದನ್ನು ಗದರಿ ನಿಲ್ಲಿಸಬೇಡಿ, "ಹಾಗೆಲ್ಲ ಅನ್ಬಾರ್ದು" ಎಂದು ಮುಚ್ಚಿಹಾಕಲೂ ಬೇಡಿ. "ಸಾಯುವ ಯೋಚನೆ ಬರ್ತಿದೆಯಾ ಅಮ್ಮಾ?" ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಂಟಿತನ ಕಡಿಮೆಯಾಗುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಮಾತ್ರೆಗಳನ್ನು ನೀವು ಇಟ್ಟುಕೊಂಡು ಆಯಾ ಹೊತ್ತಿನದನ್ನು ಮಾತ್ರ ಕೊಡಿ, ವೈದ್ಯರಿಗೆ ತಕ್ಷಣ ತಿಳಿಸಿ. ಟೆಲಿ–ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಉಚಿತ. ಊಟ, ನೀರು, ಮಾತ್ರೆ ಯಾವುದೂ ಇಳಿಯದಷ್ಟು ನೋವು ಬಂದರೆ ಅದು ತುರ್ತು ಪರಿಸ್ಥಿತಿ. ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಔಷಧ ಕೊಟ್ಟು ಹತೋಟಿಗೆ ತರುವ ದಾರಿಗಳಿವೆ.

ಇದಕ್ಕೆ ವಿರುದ್ಧವಾದ ಕಾಲವೂ ಉಂಟು. ನೋವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಿಟ್ಟುಹೋಗುತ್ತದೆ. ವೈದ್ಯರ ಸಲಹೆಯಂತೆ ಮಾತ್ರೆ ನಿಧಾನವಾಗಿ ಇಳಿಸಬಹುದು. ವಾಸಿಯಾಯಿತೆಂದು ಫೈಲು, ಎಂಆರ್‌ಐ ಎಸೆಯಬೇಡಿ. ಹೆಚ್ಚಿನವರಲ್ಲಿ ಅದು ಮರಳುತ್ತದೆ, ಬಿಡುವು ಚಿಕ್ಕದಾಗುತ್ತ ಬರುತ್ತದೆ.

ಆಪರೇಷನ್ ಎಂಬ ಮಾತು ಯಾವಾಗ

ಮಾತ್ರೆ ಕೇಳದಿದ್ದರೆ, ಅಥವಾ ಕೇಳುವಷ್ಟು ಡೋಸ್ ಕೊಟ್ಟರೆ ಅಮ್ಮ ಇಡೀ ದಿನ ಮಂಪರಿನಲ್ಲೇ ಇರುವಂತಾದರೆ, ನರಶಸ್ತ್ರಚಿಕಿತ್ಸಕರನ್ನು ಕಾಣುವ ಹೊತ್ತು ಬಂದಿದೆ. "ಈ ವಯಸ್ಸಿನಲ್ಲಿ ತಲೆಗೆ ಆಪರೇಷನ್ನೇ?" ಎಂದು ಮನೆಗಳು ವರ್ಷಗಟ್ಟಲೆ ಮುಂದೂಡುತ್ತವೆ. ಹೋಗಿ ಕೇಳುವುದರಿಂದ ಆಪರೇಷನ್ ಮಾಡಿಸಿದಂತೆ ಆಗುವುದಿಲ್ಲ, ದಾರಿಗಳು ಗೊತ್ತಾಗುತ್ತವೆ.

ಮೂಲ ಕಾರಣವನ್ನೇ ಸರಿಪಡಿಸುವುದು ಮೈಕ್ರೊವ್ಯಾಸ್ಕುಲರ್ ಡಿಕಂಪ್ರೆಷನ್. ಅಮೆರಿಕದ ಪೀಟರ್ ಜಾನೆಟಾ 1960ರ ದಶಕದಲ್ಲಿ ಇದನ್ನು ರೂಢಿಗೆ ತಂದರು. ಕಿವಿಯ ಹಿಂದೆ ಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ನರಕ್ಕೆ ತಾಗಿದ ನಾಳವನ್ನು ಸರಿಸಿ, ನಡುವೆ ಟೆಫ್ಲಾನ್ ತುಣುಕು ಇಡುತ್ತಾರೆ. ಅವರ ತಂಡ 1,185 ರೋಗಿಗಳನ್ನು ಗಮನಿಸಿ 1996ರಲ್ಲಿ ಕೊಟ್ಟ ವರದಿಯಲ್ಲಿ, ಹತ್ತು ವರ್ಷದ ಮೇಲೂ ನೂರಕ್ಕೆ 70 ಮಂದಿ ಮಾತ್ರೆಯಿಲ್ಲದೆ ನೋವುಮುಕ್ತರಾಗಿದ್ದರು. ಆದರೆ ಇದು ಪೂರ್ತಿ ಅರಿವಳಿಕೆಯ ದೊಡ್ಡ ಶಸ್ತ್ರಚಿಕಿತ್ಸೆ. ಆ ಬದಿಯ ಕಿವಿ ಕೇಳಿಸದಂತಾಗುವುದು, ಮಿದುಳಿನ ದ್ರವ ಸೋರುವುದು, ತೀರಾ ಅಪರೂಪಕ್ಕೆ ಪಾರ್ಶ್ವವಾಯು ಅಥವಾ ಸಾವು, ಇವು ಅದರ ಅಪಾಯಗಳು. ಹೃದಯ, ಶ್ವಾಸಕೋಶ ಗಟ್ಟಿಯಿರುವ ಎಪ್ಪತ್ತರವರಿಗೂ ಮಾಡುತ್ತಾರೆ, ಬರೀ ವಯಸ್ಸು ಅಡ್ಡಿಯಲ್ಲ.

ಅಷ್ಟು ತಡೆಯಲಾರದವರಿಗೆ ಕೆನ್ನೆಯ ಮೂಲಕ ಸೂಜಿ ಹಾಕಿ ನರವನ್ನು ಬಿಸಿಮಾಡಿ, ಬಲೂನಿನಿಂದ ಒತ್ತಿ, ಅಥವಾ ಗ್ಲಿಸರಾಲ್ ಬಿಟ್ಟು ಮಂದಗೊಳಿಸುವ ವಿಧಾನಗಳಿವೆ. ಗುಣ ಬೇಗ ಸಿಗುತ್ತದೆ, ಬೆಲೆಯಾಗಿ ಮುಖ ಸ್ವಲ್ಪ ಮರಗಟ್ಟುತ್ತದೆ, ಕೆಲವು ವರ್ಷಗಳಲ್ಲಿ ನೋವು ಮರಳಬಹುದು. ಗಾಮಾ ನೈಫ್‌ನಲ್ಲಿ ಕೊಯ್ಯುವುದೇ ಇಲ್ಲ, ವಿಕಿರಣವನ್ನು ನರದ ಬುಡಕ್ಕೆ ಗುರಿಯಿಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ಇದರ ಫಲ ಕಾಣಲು ವಾರಗಳಿಂದ ತಿಂಗಳುಗಳು ಬೇಕು, ಅಲ್ಲಿಯವರೆಗೆ ಮಾತ್ರೆ ನಡೆಯುತ್ತಲೇ ಇರಬೇಕು.

ವೈದ್ಯರ ಮುಂದೆ ಕೂತಾಗ ಇವನ್ನು ಕೇಳಿ: ಎಂಆರ್‌ಐನಲ್ಲಿ ನಾಳ ನರವನ್ನು ಬರೀ ತಾಗಿದೆಯೇ, ಒತ್ತಿ ತೆಳ್ಳಗೆ ಮಾಡಿದೆಯೇ? ಇಲ್ಲಿ ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ? ಮುಖ ಮರಗಟ್ಟುವ ಸಾಧ್ಯತೆ ಎಷ್ಟು? ಕಣ್ಣಿನ ಮೇಲ್ಪದರದ (ಕಾರ್ನಿಯಾ) ಸ್ಪರ್ಶ ಹೋದರೆ ಧೂಳು ಬಿದ್ದದ್ದೂ ತಿಳಿಯುವುದಿಲ್ಲ, ಕಣ್ಣನ್ನು ಕಾಯುವುದು ಹೇಗೆ? ನೋವು ಮರಳಿದರೆ ಮುಂದೇನು? ಉತ್ತರಗಳನ್ನು ಅಮ್ಮನಿಗೂ ಕೇಳಿಸುವಂತೆ ಕೇಳಿ. ಮರಗಟ್ಟಿದ ಕೆನ್ನೆ ಬೇಕೋ, ಮಂಪರಿನ ಮಾತ್ರೆ ಬೇಕೋ, ತಲೆಯ ಆಪರೇಷನ್ ಬೇಕೋ ಎಂಬುದರ ಜತೆ ಬಾಳಬೇಕಾದವಳು ಆಕೆ. ನಿರ್ಧಾರ ಆಕೆಯದೇ ಆಗಿರಬೇಕು, ಅದಕ್ಕೆ ಒಂದೆರಡು ವಾರ ಬೇಕಾದರೆ ಸಮಯ ಕೊಡಿ. ಒಂದು ವಿಧಾನ ಸೋತರೆ ಇನ್ನೊಂದನ್ನು ಮಾಡಬಹುದು, ಕೆಲವನ್ನು ಮತ್ತೆ ಮಾಡಲೂಬಹುದು ಎಂಬುದನ್ನು ಆಕೆಗೆ ಮೊದಲೇ ಹೇಳಿರಿ.